ಕಾಲುಸಂಕದ ಲೆಕ್ಕಕ್ಕೆ ಜಿಐಎಸ್ ಕಲಿತೆ

ತೀರ್ಥಹಳ್ಳಿ ಸೀಮೆಯ ನಮ್ಮೂರಲ್ಲಿ ಮನೆಗಳು ಒತ್ತಟ್ಟಿಗಿಲ್ಲ. ಗುಡ್ಡದ ಬುಡಕ್ಕೊಂದು, ತೋಟದ ಅಂಚಿಗೊಂದು. ನಡುವೆ ಹಳ್ಳ, ಅದರ ಮೇಲೆ ಅಡಿಕೆ ದಬ್ಬೆಯ ಕಾಲುಸಂಕ. ಮಳೆಗಾಲದಲ್ಲಿ ಮಕ್ಕಳು ಅದನ್ನೇ ದಾಟಿ ಶಾಲೆಗೆ ಹೋಗಬೇಕು. ಸೇತುವೆ ಕೇಳಿ ಅರ್ಜಿ ಬರೆಯಲು ಕೂತಾಗ, ಮೊದಲು ಯಾವ ಸಂಕಕ್ಕೆ ಅನ್ನುವುದೇ ಬಗೆಹರಿಯಲಿಲ್ಲ. ಎಲ್ಲರಿಗೂ ಅವರವರ ಮನೆ ಸಂಕವೇ ಮುಖ್ಯ, ಸಹಜ ಅಲ್ವಾ? ಆಗ ನಾನು ಜಿಐಎಸ್, ಅಂದರೆ ನಕ್ಷೆಯ ಮೇಲೆ ಮಾಹಿತಿ ಕೂರಿಸಿ ಲೆಕ್ಕ ಹಾಕುವ ಭೌಗೋಳಿಕ ಮಾಹಿತಿ ವ್ಯವಸ್ಥೆ, ಕಲಿಯಲು ಶುರುಮಾಡಿದೆ.

ಬಳಸಿದ್ದು ಕ್ಯೂಜಿಐಎಸ್. 2002ರಲ್ಲಿ ಶುರುವಾದ ಉಚಿತ ಸಾಫ್ಟ್‌ವೇರ್. ಇದರಲ್ಲಿ ಊರನ್ನು ಪದರ ಪದರವಾಗಿ ಇಡುತ್ತೇವೆ. ಮನೆ, ಸಂಕ, ಶಾಲೆ ಚುಕ್ಕೆಗಳು. ಹಳ್ಳ, ಕಾಲುದಾರಿ ಗೆರೆಗಳು. ಗದ್ದೆ, ತೋಟ ಆವರಣಗಳು. ಒಂದೊಂದು ಚುಕ್ಕೆಗೂ ಪಟ್ಟಿಯಲ್ಲಿ ಒಂದು ಸಾಲು ಇರುತ್ತದೆ. ಆ ಪಟ್ಟಿಯಲ್ಲಿ ಏನು ತುಂಬಿದ್ದೇವೋ ಅದರ ಬಗ್ಗೆ ಮಾತ್ರ ನಕ್ಷೆಯನ್ನು ಪ್ರಶ್ನೆ ಕೇಳಬಹುದು.

ಚುಕ್ಕೆಗಳನ್ನು ಮೊಬೈಲಿನ ಜಿಪಿಎಸ್‌ನಲ್ಲಿ ಹಿಡಿದೆ. ಕಾನಿನ ಒಳಗೆ ಮರ ದಟ್ಟ, ಅಂಕಿ ಕುಣಿಯುತ್ತಲೇ ಇರುತ್ತದೆ. ಎರಡು ಮೂರು ನಿಮಿಷ ನಿಂತು ಕಾಯಬೇಕು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ನಮ್ಮ ಸಂಕಗಳೆಲ್ಲ ನಾರ್ವೆಯ ಉತ್ತರದ ಸಮುದ್ರದಲ್ಲಿ! ಅಕ್ಷಾಂಶ 13, ರೇಖಾಂಶ 75 ಅದಲು ಬದಲಾಗಿತ್ತು. ಸಾಫ್ಟ್‌ವೇರ್ ಕೇಳುವ ಎಕ್ಸ್ ಅಂದರೆ ರೇಖಾಂಶ, ಅದು ಮೊದಲು. ಆಮೇಲೆ ಮೀಟರಿನಲ್ಲಿ ಅಳೆಯಲು ಯುಟಿಎಂ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಪದ್ಧತಿ, ಅದರ 43 ಉತ್ತರ ವಲಯಕ್ಕೆ ಬದಲಿಸಿದೆ. ಡಿಗ್ರಿಯಲ್ಲೇ ಬಿಟ್ಟರೆ ದೂರದ ಲೆಕ್ಕ ಕೆಡುತ್ತದೆ.

ಹಳ್ಳದ ಗೆರೆಗಳಿಗೆ 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಅಳೆದ ಎತ್ತರದ ದತ್ತಾಂಶ ತಂದೆ. ಅದರ ಒಂದು ಚೌಕ ಸುಮಾರು 30 ಮೀಟರ್. ದಟ್ಟ ಕಾಡಿನಲ್ಲಿ ಅದು ನೆಲವನ್ನು ಬಿಟ್ಟು ಮರದ ನೆತ್ತಿಗೆ ಹತ್ತಿರದ ಎತ್ತರ ಕೊಡುತ್ತದೆ. ಹಾಗಾಗಿ ಆ ಎತ್ತರಗಳ ಇಳಿಜಾರು ನೋಡಿ ಕಂಪ್ಯೂಟರ್ ಎಳೆದ ಒಂದು ಹಳ್ಳ ಪಕ್ಕದ ಮನೆಯ ತೋಟದ ನಡುವೆ ಹರಿಯಿತು. ನಡೆದುಕೊಂಡು ಹೋಗಿ ಮತ್ತೆ ಬರೆದೆ. ಜೊತೆಗೆ ಬಂದಿದ್ದ ಹಿರಿಯರೊಬ್ಬರು ಅಂದರು: "ಇದು ಆರಿದ್ರಾ ಮಳೆಗೇ ಮುಳುಗ್ತದೆ ಮಾರಾಯ. ಆ ಕೆಳಗಿಂದು ಪುಷ್ಯದವರೆಗೂ ತಡೀತದೆ." ಆವತ್ತೇ ಪಟ್ಟಿಗೆ ‘ಯಾವ ಮಳೆಗೆ ಮುಳುಗುತ್ತದೆ’ ಅಂತ ಒಂದು ಕಾಲಂ ಸೇರಿಸಿದೆ. ಇಡೀ ಕೆಲಸದಲ್ಲಿ ಅದಕ್ಕಿಂತ ಬೆಲೆಬಾಳುವ ಕಾಲಂ ಇನ್ನೊಂದಿಲ್ಲ.

ಮೊದಲು ಶಾಲೆಯ ಸುತ್ತ ಒಂದು ಕಿಲೋಮೀಟರಿನ ಬಫರ್ ಎಳೆದೆ. ಬಫರ್ ಅಂದರೆ ಒಂದು ಜಾಗದಿಂದ ಇಷ್ಟು ದೂರದೊಳಗಿನ ವಲಯ. ಹಳ್ಳದಾಚೆಯ ಮನೆಗಳೂ ಅದರೊಳಗೇ ಬಂದವು, ಎಲ್ಲರೂ ಹತ್ತಿರದವರೇ ಅನ್ನಿಸಿತು. ಬಫರಿಗೆ ಹಳ್ಳ ಗೊತ್ತಿಲ್ಲ. ಹಾಗಾಗಿ ದಾರಿಯ ಲೆಕ್ಕ ಹಾಕಿಸಿದೆ. ಕಾಲುದಾರಿ, ರಸ್ತೆ, ಸಂಕ ಎಲ್ಲವನ್ನೂ ತುದಿಗೆ ತುದಿ ಕೂಡಿಸಿ ಬರೆಯಬೇಕು. ಕೂದಲಷ್ಟು ಸಂದು ಉಳಿದರೂ ಅಲ್ಲಿ ದಾರಿಯೇ ಇಲ್ಲ ಅಂತ ಲೆಕ್ಕ. ಇದಕ್ಕೇ ನನಗೆ ಒಂದು ವಾರ ಹಿಡಿಯಿತು. ಆಮೇಲೆ ಒಂದೊಂದೇ ಸಂಕದ ಗೆರೆ ತೆಗೆದು, ಮನೆಯಿಂದ ಶಾಲೆಗೆ ಅತಿ ಹತ್ತಿರದ ದಾರಿ ಎಷ್ಟು ಅಂತ ಕೇಳಿದೆ. ಒಂದು ಮನೆಗೆ ಆರುನೂರು ಮೀಟರ್ ಇದ್ದದ್ದು ನಾಲ್ಕು ಕಿಲೋಮೀಟರಿಗೆ ಏರಿತು. ಅಲ್ಲಿ ಶಾಲೆಗೆ ಹೋಗುವ ಮೂವರು ಮಕ್ಕಳು, ಸಂಕ ಮುಳುಗುವುದು ಆರಿದ್ರಾಕ್ಕೆ. ಅರ್ಜಿ ಬರೆಯಲು ಕೂತ ದಿನ ಆ ಮನೆಯವರು ಮಾತೇ ಆಡಿರಲಿಲ್ಲ.

ಆ ಸಂಕವನ್ನೇ ಮೊದಲು ಬರೆದು, ಎ3 ಹಾಳೆಯಲ್ಲಿ ನಕ್ಷೆ ಮುದ್ರಿಸಿ ಗ್ರಾಮಸಭೆಯಲ್ಲಿ ಹರಡಿದೆವು. ದಿಕ್ಕು, ಅಳತೆಪಟ್ಟಿ, ಬಣ್ಣಗಳ ಅರ್ಥ ಎಲ್ಲ ಕನ್ನಡದಲ್ಲೇ ಹಾಕಿದ್ದೆ. ಯಾರೂ ತಕರಾರು ಎತ್ತಲಿಲ್ಲ. ಒಬ್ಬ ಅಮ್ಮ ಮಾತ್ರ ಬೆರಳಿಟ್ಟು, "ನಮ್ಮ ಗದ್ದೆ ಹತ್ರದ ಸಂಕ ಇದ್ರಲ್ಲಿ ಇಲ್ವಲ್ಲ ತಮ್ಮಾ?" ಅಂದರು. ಮರುದಿನ ಬೆಳಿಗ್ಗೆಯೇ ಮೊಬೈಲ್ ಹಿಡಿದು ಅಲ್ಲಿಗೆ ಹೊರಟೆ.