ಮೂರೂ ಸಿಲಿಂಡರ್ ಒಟ್ಟಿಗೆ ಸೊರಗಿದ್ದರೆ ಟೈಮಿಂಗ್ ಬೆಲ್ಟ್ ನೋಡಿ

ಈ ಮಳೆಗಾಲದಲ್ಲಿ ಮಡಿಕೇರಿಯ ನನ್ನ ಗ್ಯಾರೇಜಿಗೆ ಮಕ್ಕಂದೂರಿನ ಬೆಳೆಗಾರರೊಬ್ಬರು ಹಳೆಯ ಓಮ್ನಿ ತಂದರು. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿತ್ತು, ಏರಿನಲ್ಲಿ ಪಿಕಪ್ ಇರಲಿಲ್ಲ. ಪ್ಲಗ್, ವಯರ್, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಎಲ್ಲವೂ ಹೊಸದು. ಕಾರ್ಬುರೇಟರನ್ನು ಎರಡು ಸಲ ಬಿಚ್ಚಿ ತೊಳೆಸಿದ್ದರು. "ಇನ್ನೇನು ಬದಲಿಸಬೇಕು, ಹೇಳಿ" ಎಂದರು. ಇಷ್ಟು ಹಣ ಸುರಿಯುವ ಮೊದಲೇ ಯಾರಾದರೂ ಅರ್ಧ ಗಂಟೆ ಕೂತು ಅಳೆದು ನೋಡಬೇಕಿತ್ತು.

ನಾನು ಮೊದಲು ಕೇಳಿದ್ದು, ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದು. ಮನೆಯ ಮುಂದಿನ ಇಳಿಜಾರಿನಲ್ಲಿ, ಹ್ಯಾಂಡ್‌ಬ್ರೇಕ್ ಎಳೆಯದೆ ಗಿಯರ್‌ನಲ್ಲೇ ಬಿಡುತ್ತಿದ್ದರು. ಕೊಡಗಿನ ತೋಟದ ಮನೆಗಳಲ್ಲಿ ಇದು ಸಾಮಾನ್ಯ. ಹಾಗೆ ನಿಂತ ಗಾಡಿಯ ಭಾರ ಎಂಜಿನ್ನನ್ನು ಹಿಮ್ಮುಖವಾಗಿ ಎಳೆಯಬಹುದು. ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕ್ ದಂಡವನ್ನೂ ವಾಲ್ವ್ ತೆರೆಯುವ ಕ್ಯಾಮ್ ದಂಡವನ್ನೂ ಒಂದೇ ತಾಳದಲ್ಲಿ ಇಡುವ ಹಲ್ಲಿನ ಪಟ್ಟಿಯೇ ಟೈಮಿಂಗ್ ಬೆಲ್ಟ್. ಅದನ್ನು ಬಿಗಿಯಾಗಿಡುವ ಟೆನ್ಷನರ್ ಸಡಿಲವಿದ್ದರೆ, ಅಥವಾ ಸೋರಿದ ಆಯಿಲ್ ಕುಡಿದು ಬೆಲ್ಟ್ ಮೆತ್ತಗಾಗಿದ್ದರೆ, ಹಲ್ಲು ಜಾರಲು ಅಷ್ಟೇ ಸಾಕು.

ಪರೀಕ್ಷೆ ಹೀಗೆ. ಎಂಜಿನ್ ಬಿಸಿಯಿರುವಾಗ ಎಲ್ಲ ಪ್ಲಗ್ ತೆಗೆಯಿರಿ, ಇಗ್ನಿಷನ್ ಕಾಯಿಲ್‌ನ ಸಂಪರ್ಕ ಬಿಡಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಸಿ ಸ್ಟಾರ್ಟರ್ ತಿರುಗಿಸುತ್ತಾ ಒಂದೊಂದೇ ಸಿಲಿಂಡರಿನ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದ ಗಾಳಿಯ ಒತ್ತಡ, ಗೇಜಿನಲ್ಲಿ ಅಳೆಯಿರಿ. ಒಂದು ಸಿಲಿಂಡರ್ ಮಾತ್ರ ಬಿದ್ದಿದ್ದರೆ ಅದರ ವಾಲ್ವ್, ರಿಂಗ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕು. ಓಮ್ನಿಯಲ್ಲಿ ಮೂರೂ ಸೊರಗಿ 110 ಪಿಎಸ್‌ಐ ಆಸುಪಾಸಿನಲ್ಲಿದ್ದವು. ಪ್ರತಿ ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದೆ. ಮುಳ್ಳು ಹೆಚ್ಚು ಮೇಲೇರಲಿಲ್ಲ. ರಿಂಗ್ ಸವೆದಿದ್ದರೆ ಏರುತ್ತಿತ್ತು. ಎಲ್ಲವೂ ಸಮನಾಗಿ ಸೊರಗಿ, ಆಯಿಲ್‌ಗೂ ಜಗ್ಗದಿದ್ದರೆ ನನ್ನ ಮೊದಲ ಅನುಮಾನ ಬೆಲ್ಟ್ ಮೇಲೆ.

ನಮ್ಮೂರಿನವರು ಒಂದು ಲೆಕ್ಕ ನೆನಪಿಡಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಆರೋಗ್ಯವಂತ ಎಂಜಿನ್ ಕೂಡ ಇಲ್ಲಿ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಕಡಿಮೆ ಕಂಪ್ರೆಷನ್ ತೋರಿಸುತ್ತದೆ. ಎಂಜಿನ್ ಗಾಳಿ ಎಳೆಯುವ ಬಲವನ್ನು ಪಾದರಸದ ಇಂಚುಗಳಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜ್ ಕೂಡ ಹಾಗೆಯೇ: ಕೆಳಗೆ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ಬರುವ ಕಡೆ ಇಲ್ಲಿ ಮೂರು ನಾಲ್ಕು ಇಂಚು ಕಳೆಯಬೇಕು. ಈ ಲೆಕ್ಕ ಬಿಟ್ಟರೆ ಒಳ್ಳೆಯ ಎಂಜಿನ್ನನ್ನೂ ಬಿಚ್ಚಿಬಿಡುತ್ತೀರಿ. ಓಮ್ನಿಯ ಮುಳ್ಳು ಹೆಚ್ಚು ಹಾರಾಡದೆ 9ರಲ್ಲಿ ನಿಂತಿತ್ತು. ಎತ್ತರವೊಂದೇ ಅಷ್ಟು ಇಳಿಸುವುದಿಲ್ಲ.

ಹೊಸ ಗಾಡಿಗಳಲ್ಲಿ ದೋಷದ ಕೋಡ್ ಓದುವ ಸ್ಕ್ಯಾನರ್ ಪಿ0300 (ಮಿಸ್ಸಿಂಗ್) ಜೊತೆಗೆ ಪಿ0016 ತೋರಿಸಿದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದುತ್ತಿಲ್ಲ ಎಂದರ್ಥ. ಸೆನ್ಸರ್ ಕೊಳ್ಳುವ ಮೊದಲು ಬೆಲ್ಟ್ ಗಿಯರುಗಳ ಮೇಲಿನ ಟೈಮಿಂಗ್ ಮಾರ್ಕ್ ನೋಡಿ.

ಕೊನೆಯ ಸಾಕ್ಷಿ ಮಾರ್ಕ್‌ಗಳದೇ. ಬ್ಯಾಟರಿಯ ನೆಗೆಟಿವ್ ತೆಗೆದು, ಬೆಲ್ಟ್ ಕವರ್ ಬಿಚ್ಚಿ, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಕ್ರ್ಯಾಂಕ್ ಮಾರ್ಕ್ ಸರಿಯಾಗಿ ಕೂತಾಗ ಕ್ಯಾಮ್ ಗಿಯರಿನ ಚುಕ್ಕಿಯೂ ತನ್ನ ಗುರುತಿಗೆ ನೇರವಾಗಿರಬೇಕು. ಓಮ್ನಿಯಲ್ಲಿ ಅದು ಎರಡು ಹಲ್ಲು ಹಿಂದಿತ್ತು. ಬೆಲ್ಟಿನ ಅಂಚು ಆಯಿಲ್‌ನಿಂದ ಹೊಳೆಯುತ್ತಿತ್ತು, ಹಲ್ಲಿನ ಬುಡದ ಬಟ್ಟೆ ನೂಲು ನೂಲಾಗಿ ಎದ್ದಿತ್ತು. ಎರಡು ಹಲ್ಲು ಸಣ್ಣದಲ್ಲ: ಕ್ರ್ಯಾಂಕ್ ಗಿಯರಿಗೆ 20 ಹಲ್ಲಿದ್ದರೆ ಒಂದೊಂದು ಹಲ್ಲಿಗೂ 18 ಡಿಗ್ರಿ ತಪ್ಪುತ್ತದೆ.

ಡಿಸ್ಟ್ರಿಬ್ಯೂಟರ್ ಕ್ಯಾಮ್‌ನಿಂದಲೇ ತಿರುಗುವ ಹಳೆಯ ಎಂಜಿನ್‌ಗಳಲ್ಲಿ ಬೆಲ್ಟ್ ಜಾರಿದರೆ ಕಿಡಿಯ ಸಮಯವೂ ಜಾರುತ್ತದೆ. ಡಿಸ್ಟ್ರಿಬ್ಯೂಟರನ್ನು ತುಸು ತಿರುಗಿಸಿದರೆ ಎಂಜಿನ್ ಕೊಂಚ ಸುಧಾರಿಸಿದಂತೆ ಕಾಣುತ್ತದೆ. ಅದಕ್ಕೆ ಮರುಳಾಗಬೇಡಿ, ವಾಲ್ವ್‌ಗಳು ತಪ್ಪು ಹೊತ್ತಿನಲ್ಲೇ ತೆರೆಯುತ್ತಿರುತ್ತವೆ. ಹಾಗೆಯೇ ಓಡಿಸುವುದೂ ಬೇಡ: ಇನ್ನೆರಡು ಹಲ್ಲು ಜಾರಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ.

ಬೆಲ್ಟ್ ಜೊತೆಗೆ ಟೆನ್ಷನರ್, ಸೋರುವ ಆಯಿಲ್ ಸೀಲ್ ಎರಡನ್ನೂ ಬದಲಿಸಿ. ಮಾರ್ಕ್ ಕೂಡಿಸಿ ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಮಾರ್ಕ್ ನೋಡಿ, ಆಮೇಲೆ ಕಿಡಿಯ ಸಮಯ ತೋರಿಸುವ ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರ್ ಹೊಂದಿಸಿ. ಓಮ್ನಿಯನ್ನು ತಾಳತ್ತಮನೆಯ ಏರಿನಲ್ಲಿ ಎರಡನೇ ಗಿಯರ್‌ನಲ್ಲಿ ಹತ್ತಿಸಿ ನೋಡಿದ ಮೇಲೆಯೇ ಕೀಲಿ ಕೊಟ್ಟೆ. ಹಿಂದಿನ ಚಕ್ರಕ್ಕೆ ಇಡಲು ಒಂದು ಮರದ ತುಂಡನ್ನೂ ಕೊಟ್ಟೆ.