ಖಾನ್‌ಗೂ ಒಬ್ಬ ಅರ್ಥಧಾರಿ ಬೇಕು

ಹೋದ ತಿಂಗಳು ಒಂದು ಶನಿವಾರ ರಾತ್ರಿ ನಮ್ಮ ಮನೆಯ ಹಾಲ್‌ನಲ್ಲಿ ಭಾವನಿಗೂ ತಮ್ಮನಿಗೂ ಜೋರು ವಾದ. ಆಗಷ್ಟೇ ನೋಡಿ ಮುಗಿಸಿದ್ದು ಸ್ಟಾರ್ ಟ್ರೆಕ್ ಸರಣಿಯ ಎರಡನೇ ಸಿನಿಮಾ, 1982ರ 'ದ ರಾತ್ ಆಫ್ ಖಾನ್'. ಎಂಟರ್‌ಪ್ರೈಸ್ ಅನ್ನುವ ಅಂತರಿಕ್ಷ ಹಡಗಿನ ಕರ್ಕ್ ಅದರ ಹೀರೋ, ಅವನ ಮೇಲೆ ಸೇಡಿಗೆ ನಿಂತ ಖಾನ್ ವಿಲನ್. "ಖಾನ್‌ಗೆ ತಲೆ ಕೆಟ್ಟಿದೆ, ಅಷ್ಟೇ" ಅಂತ ಭಾವ. "ತಪ್ಪೆಲ್ಲ ಕರ್ಕ್‌ನದ್ದು" ಅಂತ ತಮ್ಮ. ಅರ್ಧ ಗಂಟೆ ಕಳೆದರೂ ಇಬ್ಬರ ಬಾಯಲ್ಲೂ ಅದೇ ಎರಡು ಮಾತು. ದನಿ ಏರಿತೇ ಹೊರತು ವಾದ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ.

ನಾನು ಪುತ್ತೂರು ಕಡೆಯವಳು. ಅಜ್ಜನ ಪಕ್ಕ ಚಾಪೆಯ ಮೇಲೆ ಕೂತು ತಾಳಮದ್ದಳೆ ಕೇಳುತ್ತಾ ಬೆಳೆದವಳು. ಗೊತ್ತಿಲ್ಲದವರಿಗೆ ಒಂದು ಮಾತು: ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಆಮೇಲೆ ಎದುರುಬದುರು ಕೂತ ಅರ್ಥಧಾರಿಗಳು ಆ ಪಾತ್ರವೇ ಆಗಿ ಅಲ್ಲಿಂದಲ್ಲಿಗೆ ಮಾತು ಕಟ್ಟುತ್ತಾರೆ. ವಾಲಿವಧೆ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನಿಗೆ ಪ್ರಶ್ನೆ ಹಾಕುವಾಗ ಇಡೀ ಚಪ್ಪರ ಉಸಿರು ಬಿಗಿಹಿಡಿದು ಕೇಳುತ್ತದೆ. ರಾಮನ ಭಕ್ತರಿಗೂ ಆ ಹೊತ್ತು 'ಹೌದಲ್ವಾ, ಮರೆಯಲ್ಲಿ ನಿಂತು ಹೊಡೆದದ್ದು ಸರಿಯಾ' ಅನ್ನಿಸಿಬಿಡುತ್ತದೆ.

ಆ ರಾತ್ರಿ ನಾನು ಮಾಡಿದ್ದು ಇಷ್ಟೇ. "ಭಾವ, ನೀವು ಈಗ ಖಾನ್. 'ಅವನು' ಅನ್ನಬೇಡಿ, 'ನಾನು' ಅನ್ನಿ" ಅಂದೆ. ತಮ್ಮನನ್ನು ಕರ್ಕ್ ಮಾಡಿದೆ. ಅಂದರೆ ಇಬ್ಬರಿಗೂ ತಾವು ಬೈಯುತ್ತಿದ್ದ ಪಾತ್ರವೇ ಸಿಕ್ಕಿತು. ಆಮೇಲೆ ಒಂದೂವರೆ ಗಂಟೆ ನಡೆದ ಮಾತು ನಾನು ಇಷ್ಟು ವರ್ಷದಲ್ಲಿ ಕೇಳಿದ ಸಿನಿಮಾ ಚರ್ಚೆಗಳಲ್ಲೆಲ್ಲ ಒಳ್ಳೆಯದು. ನಿಮ್ಮ ಮನೆಯಲ್ಲೂ ಹೀಗೆ ಕೂರಬೇಕು ಅಂತಿದ್ದರೆ ಹೇಗೆ ಅಂತ ಹೇಳುತ್ತೇನೆ. ಉದಾಹರಣೆಗೆಲ್ಲ ಇದೇ ಸಿನಿಮಾ ಇಟ್ಟುಕೊಂಡಿದ್ದೇನೆ, ಕಥೆ ಪೂರ್ತಿ ಬರುತ್ತದೆ. ನೋಡದವರು ಮೊದಲು ನೋಡಿ ಬನ್ನಿ.

ಮುಂದುವರಿದ ಭಾಗ ಅಂದಮೇಲೆ ಹಿಂದಿನದ್ದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಇಲ್ಲಿ ಬಹಳ ಜನ ಎಡವುತ್ತಾರೆ. ಲೆಕ್ಕಕ್ಕೆ ಇದರ ಹಿಂದಿನ ಸಿನಿಮಾ 1979ರದ್ದು. ಆದರೆ ಕಥೆ ಮುಂದುವರಿಯುವುದು ಅಲ್ಲಿಂದ ಅಲ್ಲ, 1967ರಲ್ಲಿ ಟೀವಿಯಲ್ಲಿ ಬಂದ 'ಸ್ಪೇಸ್ ಸೀಡ್' ಅನ್ನುವ ಕಂತಿನಿಂದ. ಖಾನ್ ಮೊದಲು ಬಂದದ್ದು ಅಲ್ಲಿ. ಅದರಲ್ಲಿ ಅವನು ಕರ್ಕ್‌ನ ಹಡಗನ್ನೇ ಕಸಿದುಕೊಳ್ಳಲು ನೋಡುತ್ತಾನೆ, ಸೋಲುತ್ತಾನೆ. ಕರ್ಕ್ ಶಿಕ್ಷೆ ಕೊಡಿಸುವುದಿಲ್ಲ. ಖಾನ್‌ಗೂ ಅವನ ಜನರಿಗೂ ಸೆಟಿ ಆಲ್ಫಾ ಐದು ಅನ್ನುವ ಗ್ರಹ ಕೊಟ್ಟು, ಅಲ್ಲೇ ಬದುಕು ಕಟ್ಟಿಕೊಳ್ಳಿ ಅನ್ನುತ್ತಾನೆ. ಖಾನ್ ಸಂತೋಷದಿಂದಲೇ ಒಪ್ಪುತ್ತಾನೆ. ಈ ಒಪ್ಪಿಗೆಯನ್ನು ನೋಡದೆ ಚರ್ಚೆಗೆ ಕೂತವರು ಕರ್ಕ್ ಅವನನ್ನು ಎಲ್ಲೋ ಎಸೆದು ಬಂದ ಅಂದುಕೊಂಡಿರುತ್ತಾರೆ. ಒಂದು ಗಂಟೆಯೂ ಇಲ್ಲದ ಕಂತು, ದಯವಿಟ್ಟು ಎಲ್ಲರೂ ನೋಡಿ ಬನ್ನಿ.

ಎಲ್ಲರೂ ಒಂದೇ ಆವೃತ್ತಿ ನೋಡಿದ್ದೀರಾ ಅಂತಲೂ ಕೇಳಿಕೊಳ್ಳಿ. ಎಂಜಿನ್ ಕೋಣೆಯಲ್ಲಿ ಗಾಯಗೊಂಡು ಆಮೇಲೆ ಸಾಯುವ ಚಿಕ್ಕ ಹುಡುಗ ಪ್ರೆಸ್ಟನ್ ಎಂಜಿನಿಯರ್ ಸ್ಕಾಟಿಯ ಸೋದರಿಯ ಮಗ. ಇದು ನಿರ್ದೇಶಕರ ಆವೃತ್ತಿಯಲ್ಲಿ ತಿಳಿಯುತ್ತದೆ, 1982ರಲ್ಲಿ ಥಿಯೇಟರಿಗೆ ಬಂದದ್ದರಲ್ಲಿ ಇಲ್ಲ. ಸ್ಕಾಟಿ ಅಷ್ಟೊಂದು ಯಾಕೆ ಅಳುತ್ತಾನೆ ಅಂತ ನಮ್ಮಲ್ಲಿ ಹದಿನೈದು ನಿಮಿಷ ಚರ್ಚೆಯಾಗಿ, ಕೊನೆಗೆ ಇಬ್ಬರು ನೋಡಿದ್ದು ಬೇರೆ ಬೇರೆ ಆವೃತ್ತಿ ಅಂತ ಗೊತ್ತಾಯಿತು.

ಇನ್ನು ಪ್ರಶ್ನೆ. ಒಂದೇ ಪ್ರಶ್ನೆ ಇಟ್ಟುಕೊಳ್ಳಿ, ಹಾಳೆಯ ಮೇಲೆ ದೊಡ್ಡದಾಗಿ ಬರೆದು ಎಲ್ಲರಿಗೂ ಕಾಣುವ ಹಾಗೆ ಇಡಿ. 'ಖಾನ್ ಒಳ್ಳೆಯ ವಿಲನ್ನಾ' ಅನ್ನುವುದು ಪ್ರಶ್ನೆಯಲ್ಲ, ಅದಕ್ಕೆ ಹೌದು ಅಂದರೆ ಮಾತು ಮುಗಿಯಿತು. ನಾವು ಬರೆದದ್ದು ಹೀಗೆ: 'ಖಾನ್‌ನ ಹೆಂಡತಿ ಸತ್ತದ್ದಕ್ಕೆ ಕರ್ಕ್ ಎಷ್ಟು ಹೊಣೆ?' ತಾಳಮದ್ದಳೆಯಲ್ಲೂ ಪ್ರಸಂಗದ ಚೌಕಟ್ಟು ಬಿಟ್ಟು ಹೊರಗೆ ಹೋದ ಅರ್ಥಧಾರಿಯನ್ನು ಹಿರಿಯರು ಒಪ್ಪುತ್ತಿರಲಿಲ್ಲ.

ವಿಲನ್ ಪಾತ್ರದಲ್ಲಿ ಕೂತವರಿಗೆ ಒಂದು ಕಟ್ಟುನಿಟ್ಟು. ಖಾನ್‌ಗೆ ಏನು ಗೊತ್ತೋ ಅಷ್ಟನ್ನೇ ಹೇಳಬೇಕು, ನೋಡುಗರಿಗೆ ಗೊತ್ತಿರುವುದನ್ನು ಸೇರಿಸಬಾರದು. ಆಗ ಏನಾಗುತ್ತದೆ ನೋಡಿ. ಭಾವ ಮೊದಲು ಸ್ವಲ್ಪ ಮುಜುಗರದಿಂದಲೇ ಶುರು ಮಾಡಿದರು. "ನನ್ನನ್ನು ಬಿಟ್ಟು ಹೋದ ಆರೇ ತಿಂಗಳಿಗೆ ಪಕ್ಕದ ಗ್ರಹ ಸ್ಫೋಟವಾಯಿತು. ನಮ್ಮ ಗ್ರಹದ ದಾರಿಯೇ ಬದಲಾಯಿತು. ಹಸಿರೆಲ್ಲ ಹೋಗಿ ಮರಳು ಉಳಿಯಿತು. ಕಿವಿಯೊಳಗೆ ಹೊಕ್ಕುವ ಹುಳಕ್ಕೆ ನನ್ನ ಇಪ್ಪತ್ತು ಜನ ಸತ್ತರು, ನನ್ನ ಹೆಂಡತಿಯೂ ಹೋದಳು. ಹದಿನೈದು ವರ್ಷ. ಒಂದು ಸಲ, ಒಂದೇ ಒಂದು ಸಲ, ಬದುಕಿದ್ದೀರಾ ಅಂತ ನೋಡಲು ಬಂದೆಯಾ ಕರ್ಕ್?"

ಹಾಲ್ ಸುಮ್ಮನಾಯಿತು. ಅಕ್ಕ ಒಲೆಯ ಮೇಲಿನ ಗೋಳಿಬಜೆ ಮರೆತು ಬಾಗಿಲಲ್ಲಿ ನಿಂತಿದ್ದಳು.

ತಮ್ಮ ಕರ್ಕ್ ಆಗಿ ಉತ್ತರ ಕೊಟ್ಟ. "ನೀನು ನನ್ನ ಹಡಗು ಕದಿಯಲು ಬಂದವನು. ಜೈಲಿಗೆ ಹಾಕಬಹುದಿತ್ತು, ರಾಜ್ಯ ಕಟ್ಟಿಕೋ ಅಂತ ಗ್ರಹ ಕೊಟ್ಟೆ. ನೀನೂ ಒಪ್ಪಿದೆ. ಪಕ್ಕದ ಗ್ರಹ ಸ್ಫೋಟವಾದದ್ದು ನನ್ನ ಕೈಯಲ್ಲಿತ್ತಾ?" ಆಮೇಲೆ ಸರಿಯಾದ ಜಾಗಕ್ಕೇ ಕೈ ಹಾಕಿದ. "ಕೊನೆಗೆ ನಮ್ಮ ಪಡೆಯ ರಿಲಯಂಟ್ ಹಡಗು ಅಲ್ಲಿಗೆ ಬಂತು, ನೀನು ಅದನ್ನು ಕಸಿದುಕೊಂಡೆ. ನಾವು ಈಗ ಸ್ವತಂತ್ರರು, ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ನಿನ್ನ ಯೋಕಿಮ್ ಹೇಳಿದ. ಆ ಹುಡುಗನ ಮಾತು ಯಾಕೆ ಕೇಳಲಿಲ್ಲ? ಇಪ್ಪತ್ತು ಜನರ ಸಾವು ನನ್ನ ಲೆಕ್ಕಕ್ಕೆ ಅನ್ನು. ಉಳಿದವರ ಸಾವು ಯಾರ ಲೆಕ್ಕಕ್ಕೆ?"

ಭಾವ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹದಿನೈದು ವರ್ಷ ಮರಳಲ್ಲಿ ಕೂತವನಿಗೆ ಎಲ್ಲಿಗೆ ಬೇಕಾದರೂ ಹೋಗು ಅಂದರೆ, ಹೋಗೋಕೆ ಊರು ಎಲ್ಲಿದೆ?" ಅಂದರು. ಇಷ್ಟು ವರ್ಷ ಖಾನ್‌ಗೆ ಹುಚ್ಚು ಅಂತಲೇ ಹೇಳಿಕೊಂಡು ಬಂದವರ ಬಾಯಿಂದ ಈ ಮಾತು.

ಇಲ್ಲಿ ಇನ್ನೊಂದು ನಿಯಮ ಹೇಳಿಬಿಡುತ್ತೇನೆ: ಎದುರಿನವರ ಪ್ರಶ್ನೆಗೆ ಉತ್ತರ ಕೊಡದೆ ನಿಮ್ಮ ಪ್ರಶ್ನೆ ಹಾಕುವ ಹಾಗಿಲ್ಲ. ಇದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕೆಡುತ್ತದೆ.

ಹೀರೋ ಬಗ್ಗೆ ಮಾತಾಡುವಾಗ ಗುಣಗಳನ್ನು ಬಿಡಿ, ತೀರ್ಮಾನಗಳನ್ನು ಎಣಿಸಿ. 'ಕರ್ಕ್ ಧೈರ್ಯವಂತ' ಅಂದರೆ ಯಾರೂ ಏನೂ ಹೇಳಲಾಗದು. 'ರಿಲಯಂಟ್ ಹತ್ತಿರ ಬಂದಾಗ ಕರ್ಕ್ ಏನು ಮಾಡಿದ' ಅಂದರೆ ಹೇಳಲು ಬೇಕಾದಷ್ಟಿದೆ. ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ತಮ್ಮದೇ ಪಡೆಯ ಹಡಗು, ಅದು ಖಾನ್ ಕೈಯಲ್ಲಿದೆ ಅಂತ ಕರ್ಕ್‌ಗೆ ಗೊತ್ತಿಲ್ಲ, ಆದರೆ ಕರೆದರೆ ಓಗೊಡುತ್ತಿಲ್ಲ. ಹೊಸ ಅಧಿಕಾರಿ ಸಾವಿಕ್ ನಿಯಮ ನೆನಪಿಸುತ್ತಾಳೆ: ಸಂಪರ್ಕಕ್ಕೆ ಸಿಗದ ಹಡಗು ಹತ್ತಿರ ಬಂದರೆ ಹೀಗೆ ಮಾಡಬೇಕು ಅಂತ. ಮಾತು ಮುಗಿಸುವ ಮೊದಲೇ ಕರ್ಕ್‌ನ ಗೆಳೆಯ, ಹಡಗಿನ ಕ್ಯಾಪ್ಟನ್ ಸ್ಪಾಕ್ ತಡೆಯುತ್ತಾನೆ, ಅಡ್ಮಿರಲ್‌ಗೆ, ಅಂದರೆ ಕರ್ಕ್‌ಗೆ, ನಿಯಮ ಗೊತ್ತಿದೆ ಅಂತ. ಕರ್ಕ್ ರಕ್ಷಾಕವಚ ಏರಿಸುವುದಿಲ್ಲ. ಖಾನ್ ಹೊಡೆಯುತ್ತಾನೆ, ಹೊಡೆತ ಎಂಜಿನ್ ಕೋಣೆಗೆ ಬೀಳುತ್ತದೆ. ಆ ದಿನ ಎಂಟರ್‌ಪ್ರೈಸ್ ತುಂಬ ಇದ್ದದ್ದು ತರಬೇತಿಯ ಮಕ್ಕಳು.

ನನ್ನ ಅಭಿಪ್ರಾಯ ಕೇಳಿದರೆ, ಈ ಸಾವುಗಳು ನೇರವಾಗಿ ಕರ್ಕ್ ತಲೆಗೇ. ಸಿನಿಮಾಕ್ಕೂ ಅದು ಗೊತ್ತು. ಶುರುವಿನಲ್ಲೇ ಕೊಬಯಾಶಿ ಮಾರು ಅನ್ನುವ, ಗೆಲ್ಲಲಾಗದ ಪರೀಕ್ಷೆ ಬರುತ್ತದೆ. ಕರ್ಕ್ ಓದುವ ಕಾಲದಲ್ಲಿ ಮೂರನೇ ಸಲ ಕಂಪ್ಯೂಟರಿನ ಪ್ರೋಗ್ರಾಮನ್ನೇ ಬದಲಿಸಿ ಅದನ್ನು ಗೆದ್ದವನು. ಸೋಲನ್ನು ಒಪ್ಪಿಕೊಳ್ಳದ ಮನುಷ್ಯ. ಈಗ ವಯಸ್ಸಾಗಿದೆ, ಹುಟ್ಟುಹಬ್ಬಕ್ಕೆ ಗೆಳೆಯ ಮೆಕಾಯ್ ಕನ್ನಡಕ ಕೊಡುತ್ತಾನೆ. ಮುಂದೆ ಶತ್ರುವಿನ ಹಡಗಿನ ಸಂಕೇತ ಸಂಖ್ಯೆ ಓದಲು ಅದೇ ಕನ್ನಡಕ ಹಾಕಿಕೊಳ್ಳಬೇಕಾಗುತ್ತದೆ. ಕೊನೆಯಲ್ಲಿ ಅದರ ಒಂದು ಗಾಜು ಒಡೆದಿರುತ್ತದೆ. ಹೀರೋ ಪರ ಕೂತವರು ಆ ಕನ್ನಡಕದ ಬೆನ್ನು ಹತ್ತಿ ಹೋಗಿ ನೋಡಿ, ವಾದಕ್ಕೆ ಬೇಕಾದದ್ದೆಲ್ಲ ಸಿಗುತ್ತದೆ.

ಇನ್ನೊಂದು ಗಮನಿಸಿದ್ದೀರಾ? ಈ ಸಿನಿಮಾದಲ್ಲಿ ಕರ್ಕ್ ಮತ್ತು ಖಾನ್ ಒಂದು ಸಲವೂ ಮುಖಾಮುಖಿ ಆಗುವುದಿಲ್ಲ. ಎಲ್ಲ ಮಾತೂ ಪರದೆಯ ಮೇಲೆ, ಇಲ್ಲವೇ ಬರೀ ದನಿಯಲ್ಲಿ. ಕೈ ಕೈ ಮಿಲಾಯಿಸದೆ ಮಾತಲ್ಲೇ ಇಷ್ಟು ದ್ವೇಷ ಕಟ್ಟಿದ್ದಾರೆ ಅಂತ ನನಗೆ ಪ್ರತಿ ಸಲವೂ ಆಶ್ಚರ್ಯ.

ಈಗ ಕಥೆಯ ಲೋಕಕ್ಕೆ ಬರೋಣ. ಅಭಿಮಾನಿಗಳು ಜಾಸ್ತಿ ಜಗಳವಾಡುವುದು ಇಲ್ಲೇ. ಯಾರಾದರೂ ತಪ್ಪು ಹಿಡಿದ ತಕ್ಷಣ ಅದು ಯಾವ ಜಾತಿಯ ತಪ್ಪು ಅಂತ ಮೊದಲು ಬೇರ್ಪಡಿಸಿ. ಕೆಲವು ತಪ್ಪುಗಳು ಕಥೆಯೊಳಗಿನವು. ರಿಲಯಂಟ್‌ನವರು ಸೆಟಿ ಆಲ್ಫಾ ಐದಕ್ಕೆ ಬಂದು ಇದು ಆರನೆಯದು ಅಂದುಕೊಳ್ಳುತ್ತಾರೆ. ಒಂದು ಗ್ರಹವೇ ಇಲ್ಲವಾದದ್ದು ಅಷ್ಟು ದೊಡ್ಡ ಹಡಗಿನವರಿಗೆ ಕಾಣಲಿಲ್ಲವಾ? ಇದಕ್ಕೆ ಉತ್ತರವನ್ನು ಕಥೆಯೊಳಗೇ ಹುಡುಕಬೇಕು. ಹಳೆಯ ನಕ್ಷೆ ನಂಬಿಕೊಂಡರು, ಯಾರೂ ಎಣಿಸಲಿಲ್ಲ ಅಂತ ನಮ್ಮ ತಮ್ಮ ಹೇಳಿದ. ಹಾಗಿದ್ದರೆ 'ಯಾರೂ ಬಂದು ನೋಡಲಿಲ್ಲ' ಅನ್ನುವ ಖಾನ್ ಮಾತಿಗೇ ಇನ್ನಷ್ಟು ಬಲ ಬಂತು ಅಂತ ಭಾವ ಅದನ್ನು ಹಿಡಿದುಕೊಂಡರು. ಒಳ್ಳೆಯ ಪಟ್ಟು.

ಇನ್ನು ಕೆಲವು ಕ್ಯಾಮೆರಾ ಹಿಂದಿನ ತಪ್ಪುಗಳು. ಹಿಂದೆ ಕರ್ಕ್‌ನ ಹಡಗಿನಲ್ಲಿದ್ದು ಈಗ ರಿಲಯಂಟ್‌ನಲ್ಲಿರುವ ಅಧಿಕಾರಿ ಚೆಕಾವ್‌ನನ್ನು ಖಾನ್ ನೋಡಿ, ನಿನ್ನ ಮುಖ ನೆನಪಿದೆ ಅನ್ನುತ್ತಾನೆ. ಆದರೆ 1967ರ ಆ ಕಂತು ಮೊದಲ ಸೀಸನ್ನಿನದ್ದು. ಚೆಕಾವ್ ಪಾತ್ರ ಬಂದದ್ದೇ ಎರಡನೇ ಸೀಸನ್ನಿನಲ್ಲಿ. ಆಗ ಅವನು ಹಡಗಿನ ಬೇರೆ ಯಾವುದೋ ವಿಭಾಗದಲ್ಲಿದ್ದ ಅಂತ ಅಭಿಮಾನಿಗಳು ಸಮಾಧಾನ ಹೇಳುತ್ತಾರೆ. ಹೇಳಲಿ, ಅದು ಪ್ರೀತಿಯಿಂದ ಹಾಕಿದ ತೇಪೆ. ಆದರೆ ತೇಪೆಯನ್ನು ಸಾಕ್ಷಿ ಅಂತ ಮುಂದಿಡಬಾರದು.

ಮೂರನೆಯದು ವಿಜ್ಞಾನದ ತಕರಾರು. ಕೊನೆಯ ಕಾಳಗ ನಡೆಯುವುದು ನೆಬ್ಯುಲಾದಲ್ಲಿ, ಅಂದರೆ ಅಂತರಿಕ್ಷದ ಅನಿಲ ಮತ್ತು ದೂಳಿನ ಮೋಡದಲ್ಲಿ. ನಿಜವಾದ ನೆಬ್ಯುಲಾ ನಮ್ಮ ಗಾಳಿಗಿಂತ ಎಷ್ಟೋ ಪಟ್ಟು ತೆಳು, ಅದರೊಳಗೆ ಹಡಗು ಬಚ್ಚಿಟ್ಟುಕೊಳ್ಳಲು ಆಗದು. ನಿಜ. ಇದನ್ನು ಹೇಳಿ, ಒಪ್ಪಿಕೊಂಡು, ಮುಂದೆ ಹೋಗಿ. ಕೇಳಬೇಕಾದ್ದು ಬೇರೆ: ಸಿನಿಮಾ ತಾನೇ ಹಾಕಿಕೊಂಡ ನಿಯಮಕ್ಕೆ ತಾನು ಬದ್ಧವಾಗಿದೆಯಾ? ಮುಟಾರಾ ನೆಬ್ಯುಲಾದೊಳಗೆ ರಕ್ಷಾಕವಚ ಕೆಲಸ ಮಾಡದು, ಪರದೆಯೂ ಸರಿಯಾಗಿ ಕಾಣದು ಅಂತ ಮೊದಲೇ ಹೇಳುತ್ತಾರೆ. ಒಳಗೆ ಹೋದಮೇಲೆ ಆ ತೊಂದರೆ ಇಬ್ಬರಿಗೂ ಸಮನಾಗಿ ಆಗುತ್ತದೆ. ಹಾಗಾಗಿ ಗೆಲುವು ನಿರ್ಧಾರವಾಗುವುದು ಅನುಭವದ ಮೇಲೆ. ಖಾನ್‌ಗೆ ಬುದ್ಧಿ ಇದೆ, ಅನುಭವ ಇಲ್ಲ, ಅವನ ಯೋಚನೆಗೆ ಉದ್ದ ಅಗಲ ಮಾತ್ರ ಇದೆ ಅಂತ ಸ್ಪಾಕ್ ಕಂಡುಹಿಡಿಯುತ್ತಾನೆ.

ಇದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಎರಡು ಸ್ಟೀಲ್ ಲೋಟ ತನ್ನಿ. ಅಕ್ಕನ ಮಗಳು, ಆರನೇ ಕ್ಲಾಸು, ನಮಗೆ ತೋರಿಸಿಕೊಟ್ಟಳು. ಭಾವ ತಮ್ಮ ಲೋಟವನ್ನು ಟೀಪಾಯಿ ಮೇಲೆ ನೇರವಾಗಿ ತಳ್ಳಿಕೊಂಡು ಬಂದರು. ಅವಳು ತನ್ನ ಲೋಟವನ್ನು ಟೀಪಾಯಿ ಕೆಳಗೆ ಇಳಿಸಿ ಸುಮ್ನೆ ಹಿಡಿದುಕೊಂಡು ಕೂತಳು. ಭಾವನ ಲೋಟ ಮೇಲಿಂದ ದಾಟಿ ಹೋದಮೇಲೆ ನಿಧಾನಕ್ಕೆ ಹಿಂದಿನಿಂದ ಮೇಲೆತ್ತಿದಳು. "ಅಪ್ಪ, ಹಿಂದೆ ನೋಡಿ" ಅಂದಳು. ಕರ್ಕ್ ಮಾಡುವುದು ನಿಖರವಾಗಿ ಇದನ್ನೇ. ಹಡಗನ್ನು ಹತ್ತು ಸಾವಿರ ಮೀಟರ್ ಕೆಳಗಿಳಿಸಿ ಕಾಯುತ್ತಾನೆ.

ಆದರೆ ಅವಳೇ ಒಂದು ಪ್ರಶ್ನೆಯನ್ನೂ ಎತ್ತಿದಳು. ಹಳೆಯ ಕಂತಿನಲ್ಲಿ ಖಾನ್ ಎಂಟರ್‌ಪ್ರೈಸ್‌ನ ತಾಂತ್ರಿಕ ಪುಸ್ತಕಗಳನ್ನೆಲ್ಲ ಓದಿದ್ದನಲ್ಲ. ಹಾಗಿದ್ದರೆ ಒಂದು ಹಡಗಿನವರು ಸಂಕೇತ ಸಂಖ್ಯೆ ಕಳಿಸಿ ಇನ್ನೊಂದರ ಕವಚ ಇಳಿಸಬಹುದು ಅನ್ನುವುದು ಅವನಿಗೆ ಯಾಕೆ ಗೊತ್ತಾಗಲಿಲ್ಲ? ಅದೂ ಐದೇ ಅಂಕಿಯ ಸಂಖ್ಯೆ, 16309. ಓದಿದ್ದಕ್ಕೂ ನಡೆಸಿದ್ದಕ್ಕೂ ವ್ಯತ್ಯಾಸ ಇದೆ ಅಂತ ನಾನು ಹೇಳಿದೆ. ಅವಳು ಒಪ್ಪಲಿಲ್ಲ, ನನಗೂ ಪೂರ್ತಿ ಸಮಾಧಾನ ಆಗಿಲ್ಲ.

ನಮ್ಮಂಥವರು ಬಿಟ್ಟು ಹೋಗಬಾರದ ವಿಷಯ ಒಂದಿದೆ. ಖಾನ್‌ನ ಪೂರ್ತಿ ಹೆಸರು ಖಾನ್ ನೂನಿಯನ್ ಸಿಂಗ್. ಉತ್ತರ ಭಾರತದವನಿರಬೇಕು, ಬಹುಶಃ ಸಿಖ್ಖ ಅಂತ 1967ರ ಕಂತಿನಲ್ಲಿ ಹಡಗಿನ ಇತಿಹಾಸಕಾರ್ತಿ ಊಹಿಸುತ್ತಾಳೆ. ಪಾತ್ರ ಮಾಡಿದ್ದು ಮೆಕ್ಸಿಕೋದ ರಿಕಾರ್ಡೊ ಮೊಂಟಲ್ಬಾನ್. 2013ರ ಸಿನಿಮಾದಲ್ಲಿ ಇಂಗ್ಲೆಂಡಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಮುಂಬೈಯ ಪರ್ಸಿಸ್ ಖಂಬಾಟಾ 1979ರ ಸಿನಿಮಾದಲ್ಲಿ ಇದ್ದರು, ಆದರೆ ಬೇರೆ ಗ್ರಹದವಳ ಪಾತ್ರ. ನಮ್ಮವನು ಅಂತ ಹೆಸರಿಟ್ಟ ಪಾತ್ರ ಈ ಸಿನಿಮಾಗಳಲ್ಲಿ ನಮ್ಮವರಿಗೆ ಸಿಗಲಿಲ್ಲ ಅನ್ನುವ ನೋವು ನನಗಿದೆ. ಮೊಂಟಲ್ಬಾನ್ ನಟನೆ ಅಂದರೆ ನನಗೆ ಪ್ರಾಣ, ಅದೂ ನಿಜ. ಎರಡನ್ನೂ ಒಂದೇ ರಾತ್ರಿ ಕಲಸಬೇಡಿ. ಇದಕ್ಕೆ ಬೇರೆಯೇ ಒಂದು ಶನಿವಾರ ಇಡಿ.

ಕೆಲವು ಸಣ್ಣ ವಿಷಯಗಳು. ಅರ್ಧ ಗಂಟೆಗೊಮ್ಮೆ ಪಾತ್ರ ಬದಲಿಸಿ. ಯಾರು ಏನಂದರು ಅಂತ ಜಗಳ ಬಂದರೆ ಬಾಯಿಗೆ ಬಾಯಿ ಕೊಡಬೇಡಿ, ಆ ದೃಶ್ಯ ಹಿಂದಕ್ಕೆ ಓಡಿಸಿ ನೋಡಿ. ಹಲಸಿನ ಹಪ್ಪಳವನ್ನು ಚರ್ಚೆ ಮುಗಿದಮೇಲೆ ಕೊಡಿ, ಮಧ್ಯದಲ್ಲಿ ಕೊಟ್ಟರೆ ಯಾರ ಮಾತೂ ಕೇಳಿಸುವುದಿಲ್ಲ. ಸಿನಿಮಾ ಮುಗಿದ ಕೂಡಲೇ ಶುರು ಮಾಡಬೇಡಿ. ಕೊನೆಯಲ್ಲಿ ಸಾಯುತ್ತಿರುವ ಸ್ಪಾಕ್ ಮತ್ತು ಕರ್ಕ್ ನಡುವೆ ಒಂದು ಗಾಜಿನ ಗೋಡೆ ಇರುತ್ತದಲ್ಲ, ಅದನ್ನು ನೋಡಿದವರಿಗೆ ಹತ್ತು ನಿಮಿಷ ಬೇಕು. ನಮ್ಮ ತಮ್ಮ ಪ್ರತಿ ಸಲವೂ ಎದ್ದು ಬಾಲ್ಕನಿಗೆ ಹೋಗುತ್ತಾನೆ. ಯಾರೂ ಕರೆಯುವುದಿಲ್ಲ, ಅವನೇ ಬರುತ್ತಾನೆ.

ಬರುವ ತಿಂಗಳ ಹಾಳೆ ಆಗಲೇ ಫ್ರಿಜ್ ಮೇಲೆ ಅಂಟಿಸಿದ್ದೇವೆ: 'ಸಾವಿಕ್ ನಿಯಮ ಹೇಳಿದಾಗ ಸ್ಪಾಕ್ ತಡೆಯದೇ ಇದ್ದಿದ್ದರೆ?' ಸಾವಿಕ್ ಅರ್ಥ ಅಕ್ಕನ ಮಗಳದ್ದು. ಸ್ಪಾಕ್ ಆಗಿ ಅವಳ ಎದುರು ಕೂರುವುದು ನಾನು.