ಸಾಫ್ಟ್ ಬಾಬ್: ಅಳತೆ ಒಣಗೂದಲಿನ ಮೇಲೆ ಇರಲಿ

ಗದ್ದದಿಂದ ಒಂದಿಂಚು ಕೆಳಗಿರಲಿ ಎಂದು ಹೇಳಿ ಕುರ್ಚಿಯಲ್ಲಿ ಕೂರುತ್ತಾರೆ. ಏಳುವ ಹೊತ್ತಿಗೆ ಕೂದಲು ಕೆನ್ನೆಗೆ ಏರಿರುತ್ತದೆ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಆಸುಪಾಸಿನ ಪಾರ್ಲರ್‌ಗಳಲ್ಲೂ ಕೋಲಾರ, ಚಿಂತಾಮಣಿಯ ಕಡೆಯೂ ಇದನ್ನು ಮತ್ತೆ ಮತ್ತೆ ನೋಡಿ ಬೇಸರವಾಗಿದೆ. ವರ್ಷಗಟ್ಟಲೆ ಎಣ್ಣೆ ಹಚ್ಚಿ ಬೆಳೆಸಿದ ಜಡೆಯನ್ನು ಬಿಟ್ಟುಕೊಡಲು ಮನಸ್ಸು ಗಟ್ಟಿ ಮಾಡಿಕೊಂಡು, ಮನೆಯಲ್ಲಿ ಅಜ್ಜಿಯನ್ನೂ ಅತ್ತೆಯನ್ನೂ ಒಪ್ಪಿಸಿ ಬಂದವರು ಕನ್ನಡಿಯ ಮುಂದೆ ಕಣ್ಣೀರು ಹಾಕುವಂತಾಗಬಾರದು. ಅವರು ಆರಿಸಿದ್ದ ಕಟ್ ಚೆನ್ನಾಗಿಯೇ ಇತ್ತು. ಅದನ್ನು ಅಳೆದ ರೀತಿ ಕೆಟ್ಟಿತ್ತು.

ಸಾಫ್ಟ್ ಬಾಬ್ ಎಂದರೇನು ಎಂಬುದು ಮೊದಲು ಸ್ಪಷ್ಟವಾಗಿರಲಿ. ಬಾಬ್ ಎಂದರೆ ಗದ್ದದ ಆಸುಪಾಸಿಗೆ ನಿಲ್ಲುವ ಗಿಡ್ಡ ಕಟ್. 1960ರ ದಶಕದಲ್ಲಿ ಲಂಡನ್ನಿನ ಕೇಶವಿನ್ಯಾಸಕ ವಿಡಾಲ್ ಸಸೂನ್ ಪ್ರಸಿದ್ಧಗೊಳಿಸಿದ ಬಾಬ್‌ನಲ್ಲಿ ತುದಿಯೆಲ್ಲ ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರ. ಸಾಫ್ಟ್ ಬಾಬ್‌ನಲ್ಲಿ ಉದ್ದ ಹೆಚ್ಚುಕಡಿಮೆ ಅಷ್ಟೇ ಇದ್ದರೂ ತುದಿಯ ಆ ಗಡುಸನ್ನು ಒಡೆದಿರುತ್ತಾರೆ. ಕೂದಲು ಮುಖದ ಪಕ್ಕದಲ್ಲಿ ತಾನಾಗಿಯೇ ಒಳಕ್ಕೆ ಬಾಗಿ ಬೀಳುತ್ತದೆ. ಇದು ಸ್ಟೆಪ್ ಕಟ್ ಅಲ್ಲ. ‘ಬಾಬ್‌ಗೆ ಸ್ವಲ್ಪ ಸ್ಟೆಪ್ ಹಾಕಿಬಿಡಲೇ?’ ಎಂದು ಕೇಳಿದರೆ ಬೇಡ ಎನ್ನಿ. ಅಷ್ಟು ಗಿಡ್ಡ ಕೂದಲಿಗೆ ಮೆಟ್ಟಿಲು ಬಿದ್ದರೆ ನೆತ್ತಿ ಉಬ್ಬಿ, ತುದಿ ಬಡಕಲಾಗಿ ಕಾಣುತ್ತದೆ.

ಮೊದಲ ಹೆಜ್ಜೆ: ನಿಮ್ಮ ಕೂದಲನ್ನು ಇದ್ದ ಹಾಗೆಯೇ ನೋಡಿ

ರಜೆಯ ದಿನ ತಲೆಗೆ ಸ್ನಾನ ಮಾಡಿ. ಎಣ್ಣೆ, ಸೀರಮ್, ಡ್ರೈಯರ್ ಏನೂ ಬೇಡ. ದಿನವೂ ಎಲ್ಲಿ ಬೈತಲೆ ತೆಗೆಯುತ್ತೀರೋ ಅಲ್ಲೇ ತೆಗೆದು ಗಾಳಿಗೆ ಒಣಗಲು ಬಿಡಿ. ಆಮೇಲೆ ಮೂರು ಸಂಗತಿ ಗಮನಿಸಿ.

ಒಂದು, ದಪ್ಪ. ಒಂದು ಕೂದಲನ್ನು ಬೆರಳುಗಳ ನಡುವೆ ಹೊರಳಿಸಿ. ಇದೆಯೋ ಇಲ್ಲವೋ ಎಂಬಂತಿದ್ದರೆ ತೆಳು, ಹೊಲಿಗೆ ದಾರ ಕೈಗೆ ಸಿಕ್ಕಂತಾದರೆ ಒರಟು. ಎರಡು, ಅಲೆ. ನೆನೆದಾಗ ಇದ್ದ ಉದ್ದಕ್ಕೂ ಒಣಗಿದ ಮೇಲಿನ ಉದ್ದಕ್ಕೂ ಎಷ್ಟು ವ್ಯತ್ಯಾಸ ಎಂದು ಕನ್ನಡಿಯ ಮುಂದೆ ನಿಂತು ಅಳೆದು ಬರೆದಿಟ್ಟುಕೊಳ್ಳಿ. ಪಾರ್ಲರ್‌ಗೆ ಹೋಗುವಾಗ ಈ ಚೀಟಿ ಯಾವ ಫೋಟೊಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಸುಳಿ. ನೆತ್ತಿಯ ಸುಳಿ ಎಲ್ಲರಿಗೂ ಗೊತ್ತು. ಬಾಬ್ ಕೆಡಿಸುವುದು ಕತ್ತಿನ ಹಿಂಭಾಗದ ಸುಳಿ. ಜಡೆ ಹಾಕುವವರು ಅದನ್ನು ಜನ್ಮದಲ್ಲಿ ನೋಡಿರುವುದಿಲ್ಲ. ಅಕ್ಕನನ್ನೋ ಮಗಳನ್ನೋ ಕರೆದು, ಕೂದಲನ್ನೆಲ್ಲ ಮೇಲಕ್ಕೆತ್ತಿ ಹಿಡಿದು, ಕತ್ತಿನ ಹಿಂದಿನ ಅಂಚಿನಲ್ಲಿ ಕೂದಲು ಯಾವ ದಿಕ್ಕಿಗೆ ಬೆಳೆದಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆಯಲು ಹೇಳಿ. ಕೆಲವರಿಗೆ ಕೂದಲು ಎರಡೂ ಕಡೆಯಿಂದ ನಡುವಿಗೆ ಬಂದು ಸೇರುತ್ತದೆ. ಕೆಲವರಿಗೆ ಒಂದೇ ಪಕ್ಕಕ್ಕೆ ವಾಲಿರುತ್ತದೆ, ಇನ್ನು ಕೆಲವರಿಗೆ ಮೇಲ್ಮುಖವಾಗಿಯೇ ಬೆಳೆದಿರುತ್ತದೆ. ಮೇಲ್ಮುಖ ಬೆಳೆಯುವವರು ಹಿಂದೆ ಗಿಡ್ಡ ಮಾಡಿಸಲೇಬೇಡಿ. ಆ ಅಂಚಿನಿಂದ ಕನಿಷ್ಠ ಎರಡಿಂಚು ಕೆಳಗೆ ಕೂದಲು ಇಳಿದಿದ್ದರೆ ಅದರ ಭಾರವೇ ಸುಳಿಯನ್ನು ಅದುಮಿ ಹಿಡಿಯುತ್ತದೆ. ಇಲ್ಲವಾದರೆ ಬೆಳಗ್ಗೆ ಎದ್ದಾಗಲೆಲ್ಲ ಹಿಂದೆ ಕೂದಲು ನಿಮಿರಿ ನಿಂತಿರುತ್ತದೆ, ಯಾವ ಜೆಲ್ ಹಚ್ಚಿದರೂ ಬಗ್ಗುವುದಿಲ್ಲ.

ಇಲ್ಲೇ ನೀರಿನ ಮಾತನ್ನೂ ಹೇಳಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬಹುಪಾಲು ಮನೆಗಳ ತಲೆಸ್ನಾನ ಕೊಳವೆಬಾವಿಯ ನೀರಿನಲ್ಲೇ. ನಲ್ಲಿಯ ಬಾಯಿಗೂ ಬಕೆಟ್ಟಿನ ಅಂಚಿಗೂ ಕಟ್ಟುವ ಬಿಳಿ ಪೊರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳದು. ಅದು ಕೂದಲಿನ ಮೇಲೂ ಕೂರುತ್ತದೆ. ಕೂದಲು ಒರಟಾಗಿ, ಹೊಳಪಿಲ್ಲದೆ ಕೆದರುತ್ತದೆ. ಜಡೆಯಲ್ಲಿ ಈ ಕೆದರು ಅಡಗಿರುತ್ತದೆ, ಬಾಬ್‌ನಲ್ಲಿ ಅಡಗಲು ಜಾಗವಿಲ್ಲ. ತಲೆಗೆ ಸೋಪು ಹಚ್ಚುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಗಡಸು ನೀರಿನಲ್ಲಿ ಸೋಪು ನೊರೆ ಬಿಡದೆ ಗಷ್ಟಾಗಿ ಕೂದಲಿಗೆ ಅಂಟುತ್ತದೆ. ಸೀಗೆಕಾಯಿಗೂ ಶಾಂಪೂವಿಗೂ ಆ ತೊಂದರೆ ಅಷ್ಟಿಲ್ಲ. ಕಡೆಯಲ್ಲಿ ಕುಡಿಯುವ ನೀರಿನ ಘಟಕದಿಂದ ತಂದ ನೀರು ಎರಡು ಚೊಂಬು ಸುರಿದುಕೊಳ್ಳಿ. ಬಾಬ್‌ನ ಗಿಡ್ಡ ಕೂದಲಿಗೆ ಅಷ್ಟು ಸಾಕು, ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ಮುಖ

ಕಟ್ ಎಲ್ಲಿ ಮುಗಿಯುತ್ತದೋ ನೋಡುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಇದೊಂದು ಗೊತ್ತಿದ್ದರೆ ಉಳಿದದ್ದು ಸುಲಭ. ದುಂಡು ಮುಖಕ್ಕೆ ಗದ್ದದಿಂದ ಒಂದೂವರೆ ಇಂಚು ಕೆಳಗೆ, ಬೈತಲೆ ಸ್ವಲ್ಪ ಪಕ್ಕಕ್ಕೆ. ಉದ್ದ ಮುಖಕ್ಕೆ ಗದ್ದದ ಮಟ್ಟ, ಹಣೆಯ ಮೇಲೆ ತೆಳುವಾದ ಮುಂಗೂದಲು. ದವಡೆ ಅಗಲವಿದ್ದವರು ದವಡೆಯ ಮೂಲೆಗೆ ಸರಿಯಾಗಿ ನಿಲ್ಲಿಸಬೇಡಿ, ಅದನ್ನು ದಾಟಿ ಇಳಿಯಲಿ. ಹಣೆ ಅಗಲ, ಗದ್ದ ಚೂಪು ಇದ್ದವರಿಗೆ ಗದ್ದಕ್ಕೂ ಭುಜಕ್ಕೂ ನಡುವೆ ಎಲ್ಲಾದರೂ ಒಪ್ಪುತ್ತದೆ.

ಪಾರ್ಲರ್ ಲೋಕದಲ್ಲಿ ಎರಡೂಕಾಲು ಇಂಚಿನ ಲೆಕ್ಕ ಎಂಬುದೊಂದಿದೆ. ಗದ್ದದ ಕೆಳಗೆ ಪೆನ್ಸಿಲನ್ನು ಅಡ್ಡ ಹಿಡಿದು, ಕಿವಿಯ ಹಾಲೆಯಿಂದ ಪೆನ್ಸಿಲಿನವರೆಗೆ ಸ್ಕೇಲಿನಲ್ಲಿ ಅಳೆಯಬೇಕು. ಎರಡೂಕಾಲು ಇಂಚಿಗಿಂತ ಕಡಿಮೆ ಬಂದರೆ ಗಿಡ್ಡ ಕೂದಲು ಒಪ್ಪುತ್ತದೆ, ಹೆಚ್ಚಾದರೆ ಉದ್ದವೇ ಲೇಸು ಎನ್ನುತ್ತಾರೆ. ನಾನು ಇದನ್ನು ಅರ್ಧ ಮಾತ್ರ ನಂಬುತ್ತೇನೆ. ಮುಂಗೂದಲು ಬಿಟ್ಟುಕೊಂಡರೆ ಅಳತೆ ಮೀರಿದ ಉದ್ದ ಮುಖಕ್ಕೂ ಗದ್ದದ ಮಟ್ಟದ ಬಾಬ್ ತುಂಬ ಚೆನ್ನಾಗಿ ಕೂರುತ್ತದೆ.

ಯಾವ ಮುಖವೇ ಆಗಲಿ, ತುದಿ ಭುಜಕ್ಕೆ ತಾಗಿ ನಿಲ್ಲುವ ಉದ್ದ ಬೇಡ. ಭುಜಕ್ಕೆ ಬಡಿದ ಕೂದಲು ಹೊರಕ್ಕೆ ಮಡಚಿಕೊಳ್ಳುತ್ತದೆ. ಒಂದೋ ಅದಕ್ಕಿಂತ ಎರಡು ಬೆರಳು ಮೇಲಿರಲಿ, ಇಲ್ಲವೇ ಪೂರ್ತಿ ಕೆಳಗಿಳಿಯಲಿ. ಹಬ್ಬಕ್ಕೆ ಹೂ ಮುಡಿಯುವ ಆಸೆ ಇದ್ದರೆ ಅದನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಕಿವಿಯ ಮೇಲಿನ ಕೂದಲನ್ನಷ್ಟೇ ಹಿಂದಕ್ಕೆ ತಂದು ಕ್ಲಿಪ್ ಹಾಕಿದಾಗ ಒಂದು ಗೇಣು ಕನಕಾಂಬರದ ದಂಡೆ ನಿಲ್ಲಬೇಕಾದರೆ ಕೂದಲು ಗದ್ದಕ್ಕಿಂತ ಕೆಳಗೇ ಇರಬೇಕು.

ಮೂರನೆಯ ಹೆಜ್ಜೆ: ಕುರ್ಚಿಯಲ್ಲಿ

ಕೆಡುವುದೆಲ್ಲ ಇಲ್ಲೇ. ಹಿಂದಿನ ದಿನ ತಲೆಗೆ ಸ್ನಾನ ಮಾಡಿ, ಎಣ್ಣೆಯಿಲ್ಲದೆ ಹೋಗಿ. ಹಿಂದಿನ ವಾರ ಮೆಹೆಂದಿ ಹಚ್ಚಬೇಡಿ. ಅದು ಕೂದಲಿಗೆ ಪೊರೆ ಕಟ್ಟಿ ಸೆಟೆಸುತ್ತದೆ, ಕೂದಲು ನಿಜವಾಗಿ ಹೇಗೆ ಬೀಳುತ್ತದೆ ಎಂಬುದು ಕಾಣುವುದಿಲ್ಲ. ಕಾಲ ಮೇಲೆ ಕಾಲು ಹಾಕಿ ಕೂರಬೇಡಿ. ಸೊಂಟ ಓರೆಯಾದರೆ ಭುಜ ಓರೆಯಾಗುತ್ತದೆ, ಭುಜ ಓರೆಯಾದರೆ ಬಾಬ್‌ನ ಒಂದು ಪಕ್ಕ ಉದ್ದವಾಗುತ್ತದೆ. ಎರಡೂ ಪಾದ ಊರಿ, ಮೊಬೈಲನ್ನು ಚೀಲದಲ್ಲಿಟ್ಟು, ತಲೆ ನೇರ ಹಿಡಿಯಿರಿ.

ಸಾಮಾನ್ಯವಾಗಿ ಪಾರ್ಲರ್‌ನಲ್ಲಿ ಆಗುವುದು ಹೀಗೆ. ನೀರು ಚಿಮುಕಿಸಿ ಕೂದಲನ್ನು ತೊಪ್ಪನೆ ನೆನೆಸುತ್ತಾರೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಒಂದು ಎಳೆಯನ್ನು ಕೆಳಕ್ಕೆ ಜಗ್ಗಿ ಬಾಚಿ, ಎರಡು ಬೆರಳುಗಳ ನಡುವೆ ಬಿಗಿಯಾಗಿ ಹಿಡಿದು, ಗದ್ದದಿಂದ ಒಂದಿಂಚು ಕೆಳಗೆ ಕತ್ತರಿ ಆಡಿಸುತ್ತಾರೆ. ಆ ಕ್ಷಣದಲ್ಲಿ ಅಳತೆ ಸರಿಯಾಗಿಯೇ ಇರುತ್ತದೆ. ಆದರೆ ಕೂದಲಿನ ಆಕಾರವನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳನ್ನು ನೀರು ಸಡಿಲಿಸಿರುತ್ತದೆ. ನೆನೆದ ಕೂದಲನ್ನು ಎಳೆದರೆ ಅದು ಶೇ 30ರವರೆಗೂ ಹಿಗ್ಗಬಲ್ಲದು. ಬೆರಳು ಬಿಟ್ಟಾಗ ಸ್ವಲ್ಪ ಕುಗ್ಗುತ್ತದೆ, ಒಣಗಿ ಅಲೆ ಮರಳಿದಾಗ ಮತ್ತಷ್ಟು ಮೇಲೇರುತ್ತದೆ. ನೇರ ಕೂದಲಿನವರಿಗೆ ಹೋಗುವುದು ಅರ್ಧ ಇಂಚು ಇರಬಹುದು. ಅಲೆಗೂದಲಿಗೆ ಒಂದಿಂಚು, ಗುಂಗುರಿಗೆ ಎರಡಿಂಚೂ ಹೋಗಬಹುದು.

ಆದ್ದರಿಂದ ಕತ್ತರಿ ಕೈಗೆತ್ತಿಕೊಳ್ಳುವ ಮೊದಲೇ ಹೇಳಿ: ‘ಅಕ್ಕಾ, ಮೊದಲು ಎರಡಿಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿ. ಪೂರ್ತಿ ಒಣಗಿಸಿದ ಮೇಲೆ ನೋಡಿ ಉಳಿದದ್ದನ್ನು ತೆಗೆಯೋಣ.’ ಹೊತ್ತು ಹೆಚ್ಚು ಹಿಡಿಯುತ್ತದೆ ಎಂದು ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಶನಿವಾರ ಸಂಜೆ, ಮದುವೆ ಸೀಸನ್ನಿನ ಬೆಳಗ್ಗೆ ಹೋಗದೆ ವಾರದ ನಡುವೆ ಮಧ್ಯಾಹ್ನ ಹೋದರೆ ಇಷ್ಟು ಸಮಾಧಾನದಿಂದ ಮಾಡಿಕೊಡುವವರು ನಮ್ಮ ಊರುಗಳಲ್ಲೂ ಇದ್ದಾರೆ. ಒಣಗಿಸುವಾಗ ದುಂಡು ಬ್ರಷ್ ಹಾಕಿ ಎಳೆಯಲು ಬಿಡಬೇಡಿ, ಐರನ್ ಅಂತೂ ಬೇಡವೇ ಬೇಡ. ಬೆರಳಾಡಿಸುತ್ತ ಒಣಗಿಸಲಿ. ಮನೆಯಲ್ಲಿ ದಿನವೂ ಇರುವ ಕೂದಲು ಅದೇ ತಾನೆ? ಗುಂಗುರಿನವರು ಮೊದಲಿನಿಂದಲೂ ಒಣಗೂದಲನ್ನೇ, ಒಂದೊಂದು ಸುರುಳಿಯಾಗಿ ಕಟ್ ಮಾಡಿಸಿಕೊಳ್ಳಬೇಕು. ಅದು ಬರುವುದಿಲ್ಲ ಎಂದರೆ ಎದ್ದು ಬನ್ನಿ.

ಒಣಗಿದ ಮೇಲೆ ಕುರ್ಚಿಯಿಂದ ಎದ್ದು ನಿಲ್ಲಿ. ಭುಜದ ಮೇಲಿನ ಬಟ್ಟೆ ತೆಗೆಸಿ, ತಲೆಯನ್ನು ಎರಡು ಬಾರಿ ಕೊಡವಿ, ನೇರ ನೋಡಿ. ಆಮೇಲೆ ಕಿವಿಯ ಹಾಲೆಯಿಂದ ತುದಿಯವರೆಗೆ ಎರಡೂ ಪಕ್ಕ ಬೆರಳಿಟ್ಟು ಹೋಲಿಸಿ. ಕಡೆಯ ಉದ್ದ ಹೇಳಬೇಕಾದದ್ದು ಈಗ. ‘ಸ್ವಲ್ಪ ಗಿಡ್ಡ’ ಎನ್ನಬೇಡಿ. ಮುಖದ ಮೇಲೆ ಬೆರಳಿಟ್ಟು ‘ಇಲ್ಲಿಗೆ’ ಎಂದು ತೋರಿಸಿ.

ತುದಿ ಮೃದುವಾಗುವುದು ಹೇಗೆ?

ಕತ್ತರಿಯನ್ನು ಅಡ್ಡ ಹಿಡಿಯದೆ ತುದಿಯ ಕಡೆಯಿಂದ ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಕಾಲು ಇಂಚಿನಷ್ಟು ಒಳಹೊಕ್ಕು ಚಿಕ್ಕ ಚಿಕ್ಕದಾಗಿ ಕತ್ತರಿಸುತ್ತಾರೆ. ಇದಕ್ಕೆ ಪಾಯಿಂಟ್ ಕಟಿಂಗ್ ಎಂಬ ಹೆಸರಿದೆ, ಹಾಗೆಂದೇ ಕೇಳಿ. ಹಲವರು ಈ ಕೆಲಸ ಬೇಗ ಮುಗಿಯಲೆಂದು ಹಲ್ಲುಹಲ್ಲಾದ ಥಿನ್ನಿಂಗ್ ಕತ್ತರಿಯನ್ನು ಹಿಡಿಯುತ್ತಾರೆ. ತೆಳು ಕೂದಲಿಗೆ ಅದು ಶತ್ರು: ಇದ್ದ ನಾಲ್ಕು ಕೂದಲೂ ಹೋಗಿ ತುದಿಯಲ್ಲಿ ಎಳೆ ಎಳೆ ನೇತಾಡುತ್ತದೆ. ದಟ್ಟ, ಒರಟು ಕೂದಲಿಗೆ ಭಾರ ಇಳಿಸಲೇಬೇಕು, ಇಲ್ಲದಿದ್ದರೆ ಬಾಬ್ ಕೆಳಗೆ ಅಗಲವಾಗಿ ತ್ರಿಕೋನದಂತೆ ನಿಲ್ಲುತ್ತದೆ. ಆದರೆ ಅದನ್ನು ಒಳಪದರದಲ್ಲಿ, ಕಿವಿಯ ಮಟ್ಟದಿಂದ ಕೆಳಗೆ ಮಾತ್ರ ಇಳಿಸಬೇಕು. ನೆತ್ತಿಯ ಪದರಕ್ಕೆ ಆ ಕತ್ತರಿ ತಾಗಿದರೆ ಕೆಲವೇ ವಾರಗಳಲ್ಲಿ ತುಂಡು ಕೂದಲು ಎದ್ದು ನಿಂತು ತಲೆಯೆಲ್ಲ ಕೆದರಿದಂತೆ ಕಾಣುತ್ತದೆ. ರೇಜರ್ ಬ್ಲೇಡಿನಲ್ಲಿ ಕೆರೆಯುವುದು ನಮ್ಮ ನೀರಿಗೆ, ನಮ್ಮ ಬಿಸಿಲಿಗೆ ಹೊಂದುವುದಿಲ್ಲ. ತುದಿ ಸೀಳುತ್ತದೆ.

ಕಟ್ ಮುಗಿಯುತ್ತಲೇ ‘ಸ್ಮೂತ್‌ನಿಂಗ್ ಮಾಡಿಸಿದರೆ ಇನ್ನೂ ಚೆನ್ನಾಗಿ ಕೂರುತ್ತದೆ’ ಎಂಬ ಮಾತು ಬಂದೇ ಬರುತ್ತದೆ. ಬೇಡ ಎನ್ನಿ. ಕೂದಲು ನೇರ ಮಾಡುವ ಹಲವು ದ್ರಾವಣಗಳು ಐರನ್ನಿನ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಅದು ಕ್ಯಾನ್ಸರ್‌ಕಾರಕ. ಗಾಳಿಯಾಡದ ಚಿಕ್ಕ ಕೋಣೆಯಲ್ಲಿ ಅದನ್ನು ಉಸಿರಾಡುವವರು ನೀವೂ ಹೌದು, ದಿನವಿಡೀ ಅಲ್ಲೇ ನಿಂತು ದುಡಿಯುವ ಆ ಹೆಣ್ಣುಮಗಳೂ ಹೌದು. ಪೊಟ್ಟಣದ ಕಪ್ಪು ಮೆಹೆಂದಿಯನ್ನೂ ದೂರವಿಡಿ. ಅದರಲ್ಲಿ ಬೆರೆಸುವ ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಹಲವರಿಗೆ ನೆತ್ತಿ, ಕತ್ತು ಊದಿಸುತ್ತದೆ. ಸಾಫ್ಟ್ ಬಾಬ್‌ಗೆ ಬೇಕಾದದ್ದು ಬಟಾಣಿಯಷ್ಟು ಕಂಡೀಷನರ್, ಅದೂ ತುದಿಗೆ ಮಾತ್ರ. ಎಣ್ಣೆ ಸ್ನಾನದ ಹಿಂದಿನ ರಾತ್ರಿ ಇರಲಿ, ಕಚೇರಿಗೆ ಹೋಗುವ ಬೆಳಗ್ಗೆ ಬೇಡ.

ಸ್ಕೂಟರಿನಲ್ಲಿ ಓಡಾಡುವವರು ಹೆಲ್ಮೆಟ್ ಹಾಕುವಾಗ ಬೈತಲೆಯನ್ನು ಎದುರು ಪಕ್ಕಕ್ಕೆ ತಿರುಗಿಸಿಕೊಳ್ಳಿ. ತೆಗೆದ ಮೇಲೆ ಮೊದಲಿನ ಕಡೆಗೆ ತಂದರೆ ಬುಡ ಎದ್ದು ನಿಲ್ಲುತ್ತದೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನವೂ ರೈಲಿನ ಕಿಟಕಿ ಪಕ್ಕ ಕೂರುವವರಿಗೆ ಹತ್ತಿಯ ಸ್ಕಾರ್ಫ್‌ಗಿಂತ ರೇಷ್ಮೆಯದು ಮೇಲು, ಕೂದಲು ಉಜ್ಜಿ ಸಿಕ್ಕಾಗುವುದಿಲ್ಲ.

ಕೂದಲು ತಿಂಗಳಿಗೆ ಸರಾಸರಿ ಅರ್ಧ ಇಂಚು ಬೆಳೆಯುತ್ತದೆ. ಆರರಿಂದ ಎಂಟು ವಾರಕ್ಕೆ ಬಾಬ್ ಭುಜದತ್ತ ಇಳಿದು ಹೊರಕ್ಕೆ ಮಡಚತೊಡಗುತ್ತದೆ, ಆಗ ಮತ್ತೆ ಹೋಗಿ. ಉದ್ದ ಬಿಡುವ ಮನಸ್ಸಾದರೆ ಮುಂದಿನದನ್ನು ಮುಟ್ಟಿಸದೆ ಕತ್ತಿನ ಹಿಂದಿನದನ್ನು ಮಾತ್ರ ಕತ್ತರಿಸುತ್ತ ಬನ್ನಿ, ಮುಂದಿನ ಕೂದಲು ಬೆಳೆದು ಹಿಂದಿನದನ್ನು ಸೇರುವವರೆಗೆ.